ಯೂಕ್ಲಿಡ್ ಗ್ರಾಮ ವಿರುದ್ಧ ಆಂಬ್ಲರ್ ರಿಯಾಲ್ಟಿ ಕಂಪನಿ

ಯೂಕ್ಲಿಡ್ ಗ್ರಾಮ ವಿರುದ್ಧ ಆಂಬ್ಲರ್ ರಿಯಾಲ್ಟಿ ಕಂಪನಿ ಎಂಬುದು ಅಮೇರಿಕ ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು 1926ರ ನವೆಂಬರ್ 22ರಂದು ತೀರ್ಮಾನಿಸಿದ ಮೊಕದ್ದಮೆ. ಊರನ್ನು ವಾಸ, ವ್ಯಾಪಾರ ಮತ್ತು ಕೈಗಾರಿಕಾ ವಲಯಗಳಾಗಿ ವಿಂಗಡಿಸಿ, ಎಲ್ಲಿ ಏನನ್ನು ಕಟ್ಟಬಹುದೆಂದು ಸ್ಥಳೀಯ ಆಡಳಿತವು ನಿರ್ಬಂಧಿಸುವುದು, ಅಂದರೆ ವಲಯೀಕರಣ, ಸಂವಿಧಾನಬದ್ಧವೆಂದು ಈ ತೀರ್ಪು ಎತ್ತಿಹಿಡಿಯಿತು. ಇಂತಹ ವಿಂಗಡಣೆಗೆ ಇಂದಿಗೂ ‘ಯೂಕ್ಲಿಡಿಯನ್ ವಲಯೀಕರಣ’ ಎಂಬ ಹೆಸರಿದೆ. ಹೆಸರು ಬಂದಿರುವುದು ರೇಖಾಗಣಿತದಿಂದಲ್ಲ, ಈ ಊರಿನಿಂದ. ಆದರೆ ಊರಿಗೆ ಆ ಗಣಿತಜ್ಞನ ಹೆಸರನ್ನಿಟ್ಟವರು ಭೂಮಾಪಕರು.

ಹಿನ್ನೆಲೆ

ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರಕ್ಕೆ ಹೊಂದಿಕೊಂಡಿದ್ದ ಯೂಕ್ಲಿಡ್‌ನಲ್ಲಿ ಆಂಬ್ಲರ್ ಕಂಪನಿಗೆ 68 ಎಕರೆ ಖಾಲಿ ಜಮೀನಿತ್ತು. ಒಂದು ಬದಿಗೆ ಯೂಕ್ಲಿಡ್ ಅವೆನ್ಯೂ ರಸ್ತೆ, ಇನ್ನೊಂದು ಬದಿಗೆ ರೈಲುಮಾರ್ಗವಿದ್ದ ಈ ನೆಲವನ್ನು ಕಾರ್ಖಾನೆಗಳಿಗೆ ಮಾರುವುದು ಕಂಪನಿಯ ಉದ್ದೇಶವಾಗಿತ್ತು. 1922ರ ನವೆಂಬರ್‌ನಲ್ಲಿ ಗ್ರಾಮಾಡಳಿತವು ಅಂಗೀಕರಿಸಿದ ಕಟ್ಟಳೆಯು ರಸ್ತೆಯ ಬದಿಯ ಭಾಗವನ್ನು ವಾಸದ ಮನೆಗಳಿಗೆ ಮೀಸಲಿಟ್ಟಿತು. ಕೈಗಾರಿಕೆಗಾದರೆ ಎಕರೆಗೆ 10,000 ಡಾಲರ್ ಬಾಳುವ ನೆಲ ವಾಸದ ವಲಯದಲ್ಲಿ 2,500 ಡಾಲರ್‌ಗಿಂತ ಹೆಚ್ಚು ಬಾಳದು, ಇದಕ್ಕೆ ಪರಿಹಾರವೂ ಇಲ್ಲ ಎಂದು ಕಂಪನಿ ದಾವೆ ಹೂಡಿತು. ಅದರ ಪರ ವಾದಿಸಿದವರು ಯುದ್ಧಖಾತೆಯ ಮಾಜಿ ಸಚಿವ ನ್ಯೂಟನ್ ಬೇಕರ್.

1924ರಲ್ಲಿ ಜಿಲ್ಲಾ ನ್ಯಾಯಾಧೀಶ ವೆಸ್ಟೆನ್‌ಹೇವರ್ ಕಂಪನಿಯ ಪರ ತೀರ್ಪಿತ್ತರು. ಕಟ್ಟಳೆಯ ನಿಜವಾದ ಪರಿಣಾಮ ಜನರನ್ನು ವರಮಾನಕ್ಕೆ ತಕ್ಕಂತೆ ಬೇರ್ಪಡಿಸುವುದೇ ಆಗಿದೆ ಎಂಬ ಅವರ ಮಾತು ಮುಂದಿನ ದಶಕಗಳ ಟೀಕೆಗಳಿಗೆ ಮುನ್ನುಡಿಯಂತಿದೆ.

ತೀರ್ಪು

ಸರ್ವೋಚ್ಚ ನ್ಯಾಯಾಲಯವು 6–3 ಬಹುಮತದಿಂದ ಇದನ್ನು ತಳ್ಳಿಹಾಕಿತು. ಆಸ್ತಿ ಹಕ್ಕಿನ ಕಟ್ಟಾ ಪ್ರತಿಪಾದಕರೆಂದು ಹೆಸರಾಗಿದ್ದ ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್ ಅವರೇ ಬಹುಮತದ ತೀರ್ಪನ್ನು ಬರೆದದ್ದು ಗಮನಾರ್ಹ. ಸಾರ್ವಜನಿಕ ಆರೋಗ್ಯ, ಸುರಕ್ಷತೆ ಮತ್ತು ಕ್ಷೇಮಕ್ಕೆ ಯಾವುದೇ ಸಂಬಂಧವಿಲ್ಲದೆ ಕಟ್ಟಳೆಯು ಸ್ಪಷ್ಟವಾಗಿ ಸ್ವೇಚ್ಛೆಯಿಂದ ಕೂಡಿದ್ದರೆ ಮಾತ್ರ ಅದನ್ನು ರದ್ದುಪಡಿಸಬಹುದೆಂದು ಅವರು ವಿವರಿಸಿದರು. ನೆರೆಹೊರೆಗೆ ಉಪದ್ರವ ಕೊಡುವ ಬಳಕೆಯನ್ನು ತಡೆಯುವ ಹಳೆಯ ನ್ಯಾಯತತ್ತ್ವವೇ ಈ ವಾದಕ್ಕೆ ಆಧಾರ. ಆದರೆ ತೀರ್ಪು ಕಾರ್ಖಾನೆಯ ಹೊಗೆಯಲ್ಲಿ ನಿಲ್ಲದೆ, ಒಂಟಿ ಮನೆಗಳ ಬೀದಿಯಲ್ಲಿ ಬಾಡಿಗೆ ವಸತಿ ಸಮುಚ್ಚಯಗಳನ್ನೂ ಪರಾವಲಂಬಿಗಳೆಂದು ಬಗೆಯಿತು.

ಪರಿಣಾಮ

ಜನಾಂಗದ ಆಧಾರದ ಮೇಲೆ ವಸತಿ ಪ್ರದೇಶಗಳನ್ನು ಬೇರ್ಪಡಿಸುವ ಲೂಯಿವಿಲ್ ನಗರದ ಕಟ್ಟಳೆಯನ್ನು ಇದೇ ನ್ಯಾಯಾಲಯ 1917ರಲ್ಲಿ, ಆಸ್ತಿಯನ್ನು ಮಾರುವ ಹಕ್ಕಿಗೆ ಧಕ್ಕೆಯಾಗುತ್ತದೆಂಬ ಕಾರಣದಿಂದಲೇ ರದ್ದುಪಡಿಸಿತ್ತು. ಯೂಕ್ಲಿಡ್ ತೀರ್ಪಿನ ಬಳಿಕ ನಿವೇಶನದ ಕನಿಷ್ಠ ವಿಸ್ತೀರ್ಣ, ಕುಟುಂಬಗಳ ಸಂಖ್ಯೆ ಮುಂತಾದ ನಿಯಮಗಳಿಂದ ಬಡವರನ್ನು ದೂರವಿಡಲು ಉಪನಗರಗಳಿಗೆ ಅವಕಾಶ ದೊರೆಯಿತೆಂಬ ಟೀಕೆಯಿದೆ. 1928ರ ನೆಕ್ಟೋ ಪ್ರಕರಣದಲ್ಲಿ, ಒಂದು ನಿರ್ದಿಷ್ಟ ನಿವೇಶನಕ್ಕೆ ಅನ್ವಯಿಸಿದ ವಲಯ ನಿಯಮವನ್ನು ನ್ಯಾಯಾಲಯ ಅಸಿಂಧುಗೊಳಿಸಿತು. ಅನಂತರ ದಶಕಗಳ ಕಾಲ ಅದು ಈ ವಿಷಯದತ್ತ ಹೆಚ್ಚಾಗಿ ತಿರುಗಿ ನೋಡಲಿಲ್ಲ.

ಆಂಬ್ಲರ್ ಜಮೀನು ಸುಮಾರು ಎರಡು ದಶಕ ಖಾಲಿಯಾಗಿಯೇ ಇತ್ತು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಅಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಕಾರ್ಖಾನೆ ಬಂದಿತು.