ಸೊಂಟದ ಕೀಲು ಬದಲಿಸಿದ ನಂತರದ ನೋವು ಮತ್ತು ನರ್ವ್ ಬ್ಲಾಕ್

ಸೊಂಟದ ಕೀಲು ಬದಲಿಸಿದ ಮೇಲೆ, ಬೆನ್ನಿಗೆ ಕೊಟ್ಟ ಅರಿವಳಿಕೆ ಇಳಿಯುತ್ತಿದ್ದಂತೆ ನೋವು ಏಳುತ್ತದೆ. ಅದನ್ನು ತಡೆಯಲು ನರಗಳ ಸುತ್ತ ಮರಗಟ್ಟಿಸುವ ಮದ್ದು ಬಿಡುವುದಕ್ಕೆ ನರ್ವ್ ಬ್ಲಾಕ್ ಎನ್ನುತ್ತಾರೆ. ಯಾವ ಬ್ಲಾಕ್ ಮೇಲು ಎಂಬ ಚರ್ಚೆ ನೋವಿನ ಅಂಕಗಳಿಗಷ್ಟೇ ನಿಲ್ಲಬಾರದು. ರೋಗಿ ಅದೇ ದಿನ ವಾಕರ್ ಹಿಡಿದು ನಿಲ್ಲಬಲ್ಲರೇ ಎಂಬುದನ್ನೂ ತೂಗಬೇಕು. ಮಲಗಿದಷ್ಟೂ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಕೀಲನ್ನು ಸುತ್ತಿದ ಹೊದಿಕೆಯ ಮುಂಭಾಗದಲ್ಲಿ ನೋವು ಗ್ರಹಿಸುವ ನರತುದಿಗಳು ದಟ್ಟವಾಗಿವೆ. ಅಲ್ಲಿಗೆ ಮುಖ್ಯವಾಗಿ ಫೆಮೊರಲ್ ಮತ್ತು ಆಬ್ಚುರೇಟರ್ ನರಗಳ ಕವಲುಗಳು ಬರುತ್ತವೆ. ಮೊಣಕಾಲನ್ನು ನೆಟ್ಟಗೆ ನಿಲ್ಲಿಸುವ ಕ್ವಾಡ್ರಿಸೆಪ್ಸ್ ಸ್ನಾಯುವನ್ನು ಆಡಿಸುವುದೂ ಇದೇ ಫೆಮೊರಲ್ ನರ. ಇಕ್ಕಟ್ಟು ಇರುವುದೇ ಇಲ್ಲಿ.

1989ರಲ್ಲಿ ಡಾಲೆನ್ಸ್ ಮತ್ತು ಸಂಗಡಿಗರು ಮಕ್ಕಳಲ್ಲಿ ವಿವರಿಸಿದ ಫೇಶಿಯಾ ಇಲಿಯಾಕಾ ಬ್ಲಾಕ್‌ನಲ್ಲಿ ತೊಡೆಸಂದಿಯ ಪೊರೆಯ ಕೆಳಗೆ ಮದ್ದು ಹರಡಿ ಫೆಮೊರಲ್ ನರವನ್ನೇ ಮರಗಟ್ಟಿಸುತ್ತದೆ. 2018ರಲ್ಲಿ ಟೊರೊಂಟೊದ ವೈದ್ಯರು ಪ್ರಕಟಿಸಿದ ಪೆಂಗ್ ಬ್ಲಾಕ್‌ನಲ್ಲಿ ಸೂಜಿ ಸೊವಾಸ್ ಸ್ನಾಯುರಜ್ಜುವಿನ ಕೆಳಗೆ ಎಲುಬಿನವರೆಗೆ ಹೋಗಿ, ಕೀಲಿಗೆ ಹೋಗುವ ಸಣ್ಣ ಕವಲುಗಳನ್ನಷ್ಟೇ ಹಿಡಿಯಲು ನೋಡುತ್ತದೆ. ಕೀಲು ಬದಲಿಸಿಕೊಂಡ 40 ಮಂದಿಯಲ್ಲಿ ಎರಡನ್ನೂ ಹೋಲಿಸಿ 2021ರಲ್ಲಿ ಪ್ರಕಟವಾದ ಚಿಲಿ ದೇಶದ ಅಧ್ಯಯನದಲ್ಲಿ, ಮೂರು ಗಂಟೆಯ ಹೊತ್ತಿಗೆ ಕ್ವಾಡ್ರಿಸೆಪ್ಸ್ ಸೋತದ್ದು ಪೆಂಗ್ ಪಡೆದವರಲ್ಲಿ ಶೇ. 45, ಫೇಶಿಯಾ ಇಲಿಯಾಕಾ ಪಡೆದವರಲ್ಲಿ ಶೇ. 90. ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೋವು ಅಷ್ಟೇ ತಗ್ಗಿದ್ದರೆ ಹೊಸದೇಕೆ ಎಂದು ಕೇಳುವವರಿದ್ದಾರೆ. ನೋವಿನಲ್ಲಿ ಸಮ ಬಂದು ಕಾಲಿನ ಬಲ ಉಳಿದರೆ ಪೆಂಗ್‌ನತ್ತ ವಾಲಲು ಅದೇ ಸಾಕಷ್ಟು ಕಾರಣ. ಹಾಗೆಂದು ಶೇ. 45 ಸಣ್ಣ ಸಂಖ್ಯೆಯಲ್ಲ. ಪೆಂಗ್ ಕೊಟ್ಟ ರೋಗಿಯನ್ನೂ ಬಲ ಪರೀಕ್ಷಿಸದೆ ಎಬ್ಬಿಸಕೂಡದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಪೆಂಗ್ ಚರ್ಮದ ಗಾಯವನ್ನು ಮುಟ್ಟುವುದಿಲ್ಲ. ಸರ್ಜನ್ ತಾವೇ ಕೀಲಿನ ಸುತ್ತ ಮದ್ದು ಚುಚ್ಚಿದರೆ ಬ್ಲಾಕ್‌ನ ಹೆಚ್ಚುಗಾರಿಕೆಯೂ ಬಹಳ ಕುಗ್ಗುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ನೋವಿನ ಕುರಿತ 2021ರ ಪ್ರಾಸ್ಪೆಕ್ಟ್ ಮಾರ್ಗಸೂಚಿಯೂ ಪ್ಯಾರಾಸಿಟಮಾಲ್ ಮತ್ತು ಉರಿಯೂತ ತಗ್ಗಿಸುವ ಮಾತ್ರೆಗಳ ಜೊತೆಗೆ ಫೇಶಿಯಾ ಇಲಿಯಾಕಾ ಅಥವಾ ಕೀಲಿನ ಸುತ್ತಲ ಚುಚ್ಚುಮದ್ದನ್ನು ಹೇಳಿತು. ಇಲ್ಲಿ ಮದ್ದಿನ ಲೆಕ್ಕ ನೋಡಬೇಕು. ಮರಗಟ್ಟಿಸುವ ಮದ್ದಾದ ಬುಪಿವಕೇನ್‌ಗೆ ಕಿಲೋಗೆ 2 ಮಿಲಿಗ್ರಾಂ ಮಿತಿ ಇಟ್ಟುಕೊಂಡರೆ 50 ಕಿಲೋ ತೂಕದ ಅಜ್ಜಿಗೆ ಸಿಗುವುದು 100 ಮಿಲಿಗ್ರಾಂ, ಅಂದರೆ ಶೇ. 0.25ರ ದ್ರಾವಣ 40 ಮಿಲಿಲೀಟರ್. ಫೇಶಿಯಾ ಇಲಿಯಾಕಾ ಒಂದಕ್ಕೇ ಅಷ್ಟೂ ಖರ್ಚಾಗಬಹುದು. ಅದೇ ದ್ರಾವಣದ 20 ಮಿಲಿಲೀಟರ್‌ನಲ್ಲಿ ಪೆಂಗ್ ಮುಗಿದರೆ ಉಳಿದರ್ಧ ಗಾಯದ ಅಂಚಿಗೆ ಸಿಗುತ್ತದೆ. ಮಿತಿ ಮೀರಿದರೆ ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು. ಬ್ಲಾಕ್ ಕೊಡುವ ಕಡೆ ಅದಕ್ಕೆ ಪ್ರತಿಮದ್ದಾದ ಶೇ. 20ರ ಲಿಪಿಡ್ ಎಮಲ್ಷನ್ ಕೈಗೆಟಕುವಂತಿರಲೇಬೇಕು. ಬೆನ್ನಿನ ಅರಿವಳಿಕೆಗೆ ಮಾರ್ಫಿನ್ ಬೆರೆಸಿದರೂ ನೋವು ಚೆನ್ನಾಗಿ ತಗ್ಗುತ್ತದೆ, ಆದರೆ ತುರಿಕೆ, ವಾಂತಿ, ಮೂತ್ರ ಕಟ್ಟುವುದು ಜೊತೆಗೇ ಬರಬಹುದು. ಉಸಿರಿನ ಮೇಲೆ ರಾತ್ರಿಯಿಡೀ ಕಣ್ಣಿಡಬೇಕು.

ತಮಿಳುನಾಡಿನ ಅಮರಾವತಿ ನದಿ ದಂಡೆಯ ಧಾರಾಪುರಂನಂಥ ಊರಿನಲ್ಲಿ ಆಯ್ಕೆಯನ್ನು ನಿರ್ಧರಿಸುವುದು ಸಲಕರಣೆ. ಪೆಂಗ್‌ಗೆ ಅಲ್ಟ್ರಾಸೌಂಡ್ ಬೇಕು. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಡಿ ಅರಿವಳಿಕೆ ವೈದ್ಯರ ಯಂತ್ರಕ್ಕೂ ನೋಂದಣಿ ಕಡ್ಡಾಯ. ಆ ಭಾಗದ ದೊಡ್ಡ ನಗರ ಕೊಯಮತ್ತೂರಿನಲ್ಲಿ, ಅರಿವಳಿಕೆ ತಜ್ಞರಾದ ಜೆ. ಜಿ. ಷಣ್ಮುಗನಾಥನ್ 1978ರಲ್ಲಿ ಆರಂಭಿಸಿದ ಗಂಗಾ ಆಸ್ಪತ್ರೆ ಮೂಳೆ ಚಿಕಿತ್ಸೆಗೆ ಹೆಸರಾಗಿದೆ. ಅಂಥ ಆಸ್ಪತ್ರೆ ಎಲ್ಲೆಡೆ ಇರುವುದಿಲ್ಲ; ಯಂತ್ರವೂ ಪಳಗಿದ ಕೈಯೂ ಇಲ್ಲದ ಕಡೆ ಸರ್ಜನ್ ಕೊಡುವ ಚುಚ್ಚುಮದ್ದೇ ಸರಿಯಾದ ದಾರಿ. ಯಾವುದನ್ನೇ ಕೊಟ್ಟರೂ, ಕಾಲು ಕೆಲ ಗಂಟೆ ಮಾತು ಕೇಳದಿರಬಹುದು, ಒಬ್ಬರೇ ಏಳಬೇಡಿ ಎಂಬ ಎಚ್ಚರಿಕೆಯನ್ನು ಈ ಭಾಗದ ದೇವಾಂಗರಂಥ ಕನ್ನಡ ಮನೆಮಾತಿನವರಿಗೆ ಕನ್ನಡದಲ್ಲೇ ಹೇಳುವುದು ಒಳ್ಳೆಯದು.