ಕರವಸ್ತ್ರದ ಮೇಲಿನ ಕೆಂಪು

ಹಳೆಯ ಸಿನಿಮಾಗಳಲ್ಲಿ ಯಾರಾದರೂ ಕೆಮ್ಮಿ, ಕರವಸ್ತ್ರದ ಮೇಲಿನ ಕೆಂಪು ಕಲೆಯನ್ನು ಮನೆಯವರಿಗೆ ಕಾಣದಂತೆ ಮಡಚಿಟ್ಟುಕೊಂಡರೆ ಮುಂದಿನ ಕಥೆ ಹೇಳಬೇಕಿರಲಿಲ್ಲ. ಟಿಬಿ, ಇಲ್ಲವೇ ಕ್ಯಾನ್ಸರ್. ಈಗ ಎಪ್ಪತ್ತು ದಾಟಿದವರ ಕಫದಲ್ಲಿ ರಕ್ತ ಕಂಡರೆ ವೈದ್ಯರು ಅಷ್ಟು ಬೇಗ ತೀರ್ಪು ಕೊಡುವುದಿಲ್ಲ. ನೊರೆ ಬೆರೆತು ಕೆಂಪಗೆ ಹೊಳೆಯುತ್ತಿದ್ದರೆ ಸಾಮಾನ್ಯವಾಗಿ ಶ್ವಾಸಕೋಶದ್ದು. ವಾಂತಿಯೊಂದಿಗೆ ಕಾಫಿ ಚರಟದಂತೆ ಬಂದರೆ ಹೊಟ್ಟೆಯದು. ಮೂಗಿನ ರಕ್ತ ಗಂಟಲಿಗಿಳಿದು ಸುಮ್ಮನೆ ಹೆದರಿಸುವುದೂ ಉಂಟು.

ಸ್ಟೆತೊಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ಲೆನೆಕ್, ಶ್ವಾಸನಾಳಗಳು ಹಿಗ್ಗಿ ಕಫ ಕಟ್ಟಿಕೊಂಡು ರಕ್ತವೂ ಒಸರಬಲ್ಲ ಬ್ರಾಂಕಿಯೆಕ್ಟೇಸಿಸ್ ಅನ್ನು 1819ರಲ್ಲೇ ವಿವರಿಸಿದ್ದ. 1882ರಲ್ಲಿ ವಿಜ್ಞಾನಿ ಕಾಕ್ ಕ್ಷಯದ, ಅಂದರೆ ಟಿಬಿಯ, ಬ್ಯಾಕ್ಟೀರಿಯಾ ತೋರಿಸಿದ. ಆಮೇಲೆ ಔಷಧಗಳು ಬಂದವು. ಕ್ಷಯದ ಆಸ್ಪತ್ರೆಯಾದ ಸ್ಯಾನಟೋರಿಯಂಗೆ ಸೇರದೆ ಮನೆಯಲ್ಲೇ ಮಾತ್ರೆ ನುಂಗಿದರೂ ರೋಗ ವಾಸಿಯಾಗುತ್ತದೆಂದು ಮದರಾಸಿನ ಅಧ್ಯಯನ 1959ರಲ್ಲಿ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು.

ರೋಗಾಣು ಸತ್ತಿತು, ಅದು ಶ್ವಾಸಕೋಶದಲ್ಲಿ ಕೊರೆದ ಪೊಟರೆ ಉಳಿಯಿತು. ಗಾಳಿಯಲ್ಲಿ ಸದಾ ತೇಲುವ ಆಸ್ಪರ್ಜಿಲಸ್ ಎಂಬ ಬೂಷ್ಟು ಅಲ್ಲಿ ಬೀಡುಬಿಟ್ಟು ಉಂಡೆಗಟ್ಟುತ್ತದೆ. ರೋಗಿ ಮಗ್ಗುಲು ಬದಲಿಸಿದರೆ ಎಕ್ಸ್‌-ರೇಯಲ್ಲಿ ಆ ಉಂಡೆಯೂ ಗೋಲಿಯಂತೆ ಉರುಳಿದ್ದು ಕಾಣುವುದುಂಟು. ಪೊಟರೆಯ ಗೋಡೆಯ ರಕ್ತನಾಳ ಸವೆದಾಗ ಬಾಯಿತುಂಬ ರಕ್ತ. ಮೂವತ್ತು ವರ್ಷದ ಹಿಂದೆ ‘ವಾಸಿಯಾಯ್ತು’ ಅನಿಸಿಕೊಂಡ ಅಜ್ಜನಿಗೆ ಟಿಬಿ ಮರುಕಳಿಸಿತೆಂದು ಮನೆಯವರು ಗಾಬರಿಯಾಗುತ್ತಾರೆ. ಮರುಕಳಿಸಿರಲೂಬಹುದು, ಆದ್ದರಿಂದ ಕಫದ ಪರೀಕ್ಷೆ ತಪ್ಪುವುದಿಲ್ಲ.

ಇನ್ನೊಂದು ಭಯ ಕ್ಯಾನ್ಸರ್‌ನದು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರ್‌ಗೂ ಇರುವ ನಂಟನ್ನು ಸಂಶೋಧಕರಾದ ಡಾಲ್ ಮತ್ತು ಹಿಲ್ 1950ರಲ್ಲಿ ಬ್ರಿಟನ್ನಿನ ರೋಗಿಗಳ ಲೆಕ್ಕ ಹಿಡಿದು ತೋರಿಸಿದರು. ಬೀಡಿ ಸೇದಿದವರಿಗೂ ವಿನಾಯಿತಿಯಿಲ್ಲ. ಹಳೇ ಬ್ರಾಂಕೈಟಿಸ್, ನ್ಯುಮೋನಿಯಾ, ಹೃದಯದ ಕಿರಿದಾದ ಕವಾಟ, ಕಾಲಿನಿಂದ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡ ಹೆಪ್ಪು ಇವೂ ಕಾರಣಗಳೇ. ಇನ್ನು ರಕ್ತ ತೆಳುವಾಗಿಸುವ ಮಾತ್ರೆ. ಬಹಳ ಸಲ ಅದು ಒಳಗೆ ಅಡಗಿದ್ದ ಗಾಯವನ್ನು ಬಯಲಿಗೆಳೆಯುತ್ತದೆ ಅಷ್ಟೆ. ತಪ್ಪೆಲ್ಲ ಮಾತ್ರೆಯದೆಂದು ಹುಡುಕಾಟ ನಿಲ್ಲಿಸಿದರೆ ಗೆಡ್ಡೆ ಕಣ್ತಪ್ಪಿಸಿಕೊಳ್ಳುತ್ತದೆ.

ಒಳಗೆ ಇಣುಕುವ ದಾರಿಯೂ ನಿಧಾನವಾಗಿ ತೆರೆಯಿತು. 1897ರಲ್ಲಿ ಜರ್ಮನಿಯ ಕಿಲಿಯಾನ್ ರೈತನೊಬ್ಬನ ಶ್ವಾಸನಾಳದಿಂದ ಮೂಳೆಚೂರನ್ನು ಗಟ್ಟಿ ಕೊಳವೆಯ ಮೂಲಕ ತೆಗೆದ. ಬಾಗುವ ಬ್ರಾಂಕೋಸ್ಕೋಪ್ ಜಪಾನಿನ ಇಕೆಡಾ ಅವರಿಂದ 1960ರ ದಶಕದಲ್ಲಿ ಬಂತು, ಆಮೇಲೆ ಸಿಟಿ ಸ್ಕ್ಯಾನ್. ಶ್ವಾಸಕೋಶಕ್ಕೆ ಹರಿಯುವ ರಕ್ತದಲ್ಲಿ ಬ್ರಾಂಕಿಯಲ್ ಧಮನಿಗಳ ಪಾಲು ಶೇ. 1ರ ಆಸುಪಾಸು, ಆದರೆ ಜೋರಾದ ರಕ್ತಸ್ರಾವಗಳಲ್ಲಿ ಸುಮಾರು ಶೇ. 90 ಅವುಗಳಿಂದಲೇ. 1970ರ ದಶಕದಲ್ಲಿ ಫ್ರಾನ್ಸಿನ ರೆಮಿ ತೊಡೆಸಂದಿಯಿಂದ ತೆಳುನಳಿಕೆ ತೂರಿಸಿ ಆ ಧಮನಿಗಳನ್ನೇ ಮುಚ್ಚುವ ವಿಧಾನ ತಂದರು. ಎದೆ ಸೀಳದೆ ರಕ್ತ ನಿಂತಿತು.

ಜೋರಾದ ಸ್ರಾವದಲ್ಲಿ ಜೀವ ಹೋಗುವುದು ಹೆಚ್ಚಾಗಿ ರಕ್ತ ಬತ್ತಿ ಅಲ್ಲ, ಉಸಿರುಕಟ್ಟಿ. ಹಾಗಾಗಿ ಯಾವ ಕಡೆಯಿಂದ ಒಸರುತ್ತಿದೆಯೋ ಆ ಮಗ್ಗುಲನ್ನೇ ಕೆಳಗೆ ಮಾಡಿ ಮಲಗಿಸುತ್ತಾರೆ, ಇನ್ನೊಂದು ಶ್ವಾಸಕೋಶಕ್ಕೆ ರಕ್ತ ನುಗ್ಗಬಾರದೆಂದು.

ಇಷ್ಟೆಲ್ಲ ನೋಡಿದ ಮೇಲೂ ಕೆಲವರಲ್ಲಿ ಕಾರಣ ಸಿಗುವುದಿಲ್ಲ. ರಕ್ತ ತಾನಾಗಿಯೇ ನಿಲ್ಲುತ್ತದೆ, ವರದಿಗಳು ಫೈಲು ಸೇರುತ್ತವೆ. ಅಂಥವರು ಹಳೇ ಬೀಡಿ-ಸಿಗರೇಟಿನವರಾದರೆ, ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ಸ್ಕ್ಯಾನ್‌ಗೆ ಬನ್ನಿ ಎಂದು ವೈದ್ಯರು ಚೀಟಿಯಲ್ಲಿ ಬರೆದು ಕಳಿಸುತ್ತಾರೆ.