ಕೊಪಣ ನಾಡಿನ ಓಲೆಕಟ್ಟುಗಳೂ ಗೆದ್ದಲೂ

ಕೊಪಣವು ಕರ್ನಾಟಕದ ಪ್ರಾಚೀನ ಜೈನ ಮಹಾತೀರ್ಥಗಳಲ್ಲಿ ಅಗ್ರಗಣ್ಯವಾದುದೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಎಲ್ಲೆಯನ್ನು ನಿರ್ದೇಶಿಸುವಲ್ಲಿ ಈ ನಗರವನ್ನು ಹೆಸರಿಸಿದ್ದಾನೆ. ಶಕ 803ರ ಶಾಸನವೊಂದು ಸರ್ವಣಂದಿ ಭಟಾರರು ಇಲ್ಲಿ ಬಹುಕಾಲ ತಪಂಗೈದು ಸಂನ್ಯಾಸವಿಧಿಯಿಂದ ಮುಡಿಪಿದುದನ್ನು ತಿಳಿಸುತ್ತದೆ. ಹೊಯ್ಸಳರ ಮಂತ್ರಿ ಹುಳ್ಳನಂಥವರು ದೂರದಿಂದ ಈ ತೀರ್ಥಕ್ಕೆ ದಾನ ಕೊಟ್ಟರು. ಪಾಲ್ಕಿಗುಂಡಿನ ಬಂಡೆಯ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳಿವೆ. ಅವನ್ನು ಮಾಡಿಸಿದವನು ಚಾವಯ್ಯನೆಂದು ಅಲ್ಲಿಯ ಬರಹ ಹೇಳುತ್ತದೆ. ಆ ಆಚಾರ್ಯರ ಕೃತಿಯೆಂದು ಮನ್ನಣೆ ಪಡೆದ ಸಂಸ್ಕೃತ ವರಾಂಗಚರಿತವನ್ನು ಡಾ. ಎ. ಎನ್. ಉಪಾಧ್ಯೆ ಅವರು 1938ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಆದರೆ ಅದಕ್ಕೆ ಆಧಾರವಾದ ಓಲೆಪ್ರತಿಗಳು ದೊರೆತದ್ದು ಕೊಪ್ಪಳದಲ್ಲಲ್ಲ. ಪಾದ ಇಲ್ಲಿದೆ, ಗ್ರಂಥ ಬೇರೆಡೆ ಉಳಿಯಿತು. ಸಿ. ಆರ್. ಕೃಷ್ಣಮಾಚಾರ್ಲು ಅವರು 1935ರಲ್ಲಿ ಪ್ರಕಟಿಸಿದ ಕೊಪ್ಪಳದ ಶಾಸನಗಳನ್ನೂ ಪಿ. ಬಿ. ದೇಸಾಯಿ ಅವರ 1957ರ ಗ್ರಂಥವನ್ನೂ ಓದಿದವರಿಗೆ ಒಂದು ಸಂದೇಹ ಸಹಜವಾಗಿ ಮೂಡುತ್ತದೆ: ಇಷ್ಟು ಮುನಿಗಳು, ಇಷ್ಟು ಬಸದಿಗಳು ಇದ್ದ ನಾಡಿನ ಓಲೆಗಳು ಏನಾದುವು?

ಇದಕ್ಕೆ ಸಿದ್ಧವಾದ ಉತ್ತರವೊಂದಿದೆ: ಗೆದ್ದಲು ತಿಂದಿತು. ಕೇಳಿದೊಡನೆ ಒಪ್ಪಿಬಿಡಬೇಕೆನಿಸುವ ಈ ಉತ್ತರವನ್ನು ಪರಿಶೀಲಿಸುವುದು ಅವಶ್ಯ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಹೊರಬಂದಿತು. ಅದರಲ್ಲಿ ದಾಖಲಾದ ಭಂಡಾರಗಳು ಮೂಡಬಿದಿರೆ, ಕಾರ್ಕಳ ಮೊದಲಾದ ಕರಾವಳಿಯ ಕಡೆಯವು. ಅಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಕೊಪ್ಪಳದ ಕಡೆ 600 ಮಿಲಿಮೀಟರಿನ ಆಸುಪಾಸು. ಗೆದ್ದಲಿಗೆ ತೇವವೇ ಜೀವ. ಗೆದ್ದಲೇ ಮುಖ್ಯ ಕಾರಣವಾಗಿದ್ದರೆ ಮೊದಲು ಬರಿದಾಗಬೇಕಾದದ್ದು ಮೂಡಬಿದಿರೆ. ಆದರೆ ಧವಲ, ಜಯಧವಲ, ಮಹಾಬಂಧಗಳ ಪ್ರಾಚೀನ ಪ್ರತಿಗಳು ಉಳಿದು ಬಂದದ್ದು ಅಲ್ಲಿಯೇ. ಮಹಾಬಂಧದ ಪ್ರತಿಯಲ್ಲಿ ಕೆಲವು ಗರಿಗಳು ನಷ್ಟವಾಗಿವೆ, ನಿಜ. ಆದರೂ ಗ್ರಂಥ ಉಳಿಯಿತು. ಅಲ್ಲಿ ಮಠವಿತ್ತು, ಭಟ್ಟಾರಕರಿದ್ದರು, ಪೆಟ್ಟಿಗೆಯ ಬೀಗ ತೆಗೆದು ಕಟ್ಟು ಬಿಚ್ಚಿ ನೋಡುವ ಕೈಗಳು ತಲೆಮಾರಿನಿಂದ ತಲೆಮಾರಿಗೆ ಇದ್ದುವು. ಕೊಪಣದಲ್ಲಿ ಕಾಲಾಂತರದಲ್ಲಿ ಸಂಘ ವಿರಳವಾಯಿತು. ಕೆಲವು ಗ್ರಂಥಗಳು ಮುನಿಗಳ ವಿಹಾರದೊಡನೆ ಬೇರೆ ನೆಲೆಗಳಿಗೆ ಹೋಗಿರಲೂಬಹುದು. ಇಲ್ಲದಿರುವುದೆಲ್ಲ ನಾಶವಾದುದೆಂದು ಭಾವಿಸಬೇಕಾದ್ದಿಲ್ಲ. ಉಳಿದವನ್ನು ಗೆದ್ದಲು ತಿಂದಿದ್ದರೆ, ನೋಡುವವರಿಲ್ಲದ ಮೇಲೆ ತಿಂದಿತು ಎನ್ನುವುದು ಯುಕ್ತ.

ಈ ಜೀವಿಯ ಪರಿಚಯ ನಮ್ಮ ಪೂರ್ವಾಚಾರ್ಯರಿಗೆ ಚೆನ್ನಾಗಿಯೇ ಇತ್ತು. ಸಂಸ್ಕೃತದ ಉಪದೇಹಿಕಾ ಶಬ್ದ ಪ್ರಾಕೃತದಲ್ಲಿ ಉದ್ದೇಹಿಯಾ ಎಂದಾಗುತ್ತದೆ. ಉತ್ತರಾಧ್ಯಯನ ಸೂತ್ರದ ಜೀವಾಜೀವವಿಭಾಗದಲ್ಲಿ ಇದು ತ್ರೀಂದ್ರಿಯ ಜೀವಿಗಳ ಸಾಲಿಗೆ ಸೇರಿದೆ. ಅದರ ಸಮೀಪದಲ್ಲಿಯೇ ಕಾಷ್ಠಾಹಾರ, ಪತ್ರಾಹಾರ ಎಂಬ ಹೆಸರುಗಳೂ ಬರುತ್ತವೆ. ತತ್ತ್ವಾರ್ಥಸೂತ್ರವು ಇದೇ ವರ್ಗಕ್ಕೆ ಪಿಪೀಲಿಕೆಯನ್ನು ಉದಾಹರಣೆಯಾಗಿ ಕೊಡುತ್ತದೆ. ಸ್ಪರ್ಶನ, ರಸನ, ಘ್ರಾಣಗಳುಂಟು, ಚಕ್ಷುವಿಲ್ಲ ಎಂಬ ಈ ವಿಭಾಗಕ್ಕೆ ಇಂದಿನ ಕೀಟಶಾಸ್ತ್ರದ ಮಾತೂ ಹೊಂದುವಂತಿದೆ: ನಮ್ಮ ನೆಲದ ಕೆಲಸಗಾರ ಗೆದ್ದಲು ಕುರುಡು, ಸ್ಪರ್ಶದಿಂದಲೂ ವಾಸನೆಯಿಂದಲೂ ದಾರಿ ಹಿಡಿಯುತ್ತದೆ. ಹುತ್ತ ಕಟ್ಟುವ ಜಾತಿಗಳನ್ನು ಒಡಾಂಟೋಟರ್ಮಿಸ್ ಎಂಬ ಕುಲದಲ್ಲಿ ಸೇರಿಸುತ್ತಾರೆ. ನೆಲದಡಿಯ ಗೂಡಿನಲ್ಲಿ ಅವು ಒಂದು ಬಗೆಯ ಅಣಬೆಯನ್ನು ಬೆಳೆಸುತ್ತವೆ. ಮರ, ಹುಲ್ಲು, ಓಲೆ, ಕಾಗದಗಳನ್ನು ಕೊರೆದು ತಂದು ಅದಕ್ಕೆ ಉಣಿಸಿ, ಅದು ಮೆದುಗೊಳಿಸಿದುದನ್ನು ತಾವು ತಿನ್ನುತ್ತವೆ. ಬೆಳಕನ್ನೂ ಒಣಗಾಳಿಯನ್ನೂ ತಾಳಲಾರದೆ ಮಣ್ಣಿನ ಕೊಳವೆ ಕಟ್ಟಿಕೊಂಡೇ ಸಂಚರಿಸುತ್ತವೆ. ಗೊಮ್ಮಟನ ಕಾಲ ಬಳಿ ಶಿಲ್ಪಿ ಹುತ್ತಗಳನ್ನು ಕಂಡರಿಸಿದ. ಕಾಯೋತ್ಸರ್ಗದಲ್ಲಿ ನಿಂತವನಿಗೆ ಅದು ಭೂಷಣವಾದೀತು, ಶ್ರುತಕ್ಕೆ ಆಗದು.

ಹಸ್ತಪ್ರತಿ ನೋಡುವವರು ಮೊದಲು ಮಾಡಬೇಕಾದ ಕೆಲಸ ಯಾವ ಹುಳುವಿನ ಗುರುತು ಯಾವುದೆಂದು ಬೇರ್ಪಡಿಸುವುದು. ಕಟ್ಟಿನ ಈ ಹಲಗೆಯಿಂದ ಆ ಹಲಗೆಯವರೆಗೆ ಸೂಜಿ ತೂರಿದಂತೆ ಸಣ್ಣ ದುಂಡು ರಂಧ್ರಗಳಿದ್ದರೆ ಅದು ಗೆದ್ದಲಲ್ಲ. ಒಂದು ಬಗೆಯ ಸಣ್ಣ ಜೀರುಂಡೆಯ ಮರಿಹುಳು ಕೊರೆದದ್ದು. ಮೇಲ್ಮೈ ಮಾತ್ರ ಕೆರೆದಂತೆ ಸವೆದಿದ್ದರೆ ಬೆಳ್ಳಿಮೀನಿನ ಕೆಲಸವಿದ್ದೀತು. ಅದು ಓಲೆಗಿಂತ ಕಾಗದದ ಪ್ರತಿಗಳಲ್ಲಿ ಹೆಚ್ಚು. ಗೆದ್ದಲು ಅಂಚಿನಿಂದ ತೊಡಗಿ ಅಗಲವಾಗಿ ತಿನ್ನುತ್ತದೆ, ತಿಂದೆಡೆಯಲ್ಲಿ ಮಣ್ಣು ಮೆತ್ತುತ್ತದೆ. ನೂರಾರು ರಂಧ್ರಗಳಿಂದ ಜರಡಿಯಂತಾದ ಕಟ್ಟನ್ನು ಎಷ್ಟೋ ಸೂಚಿಗಳಲ್ಲಿ 'ಗೆದ್ದಲು ತಿಂದಿದೆ' ಎಂದು ಬರೆದುಬಿಡುವುದುಂಟು. ಇದು ಹೆಸರಿನ ತಕರಾರಷ್ಟೇ ಅಲ್ಲ. ಜೀರುಂಡೆಯ ಮರಿ ಕಟ್ಟಿನೊಳಗೇ ವಾಸಿಸುತ್ತದೆ, ಪ್ರತಿಯನ್ನು ಎಲ್ಲಿಗೆ ಒಯ್ದರೂ ಜೊತೆಗೆ ಬರುತ್ತದೆ. ಗೆದ್ದಲಿನ ಗೂಡು ನೆಲದಲ್ಲಿರುತ್ತದೆ; ಕಟ್ಟನ್ನು ನೆಲದಿಂದಲೂ ಗೋಡೆಯಿಂದಲೂ ಬಿಡಿಸಿದರೆ ಅದರ ದಾರಿ ತಪ್ಪುತ್ತದೆ.

ಪಾಠಸಂಪಾದಕನಿಗೂ ಇದರಿಂದ ಪ್ರಯೋಜನವುಂಟು. ಜೀರುಂಡೆಯ ರಂಧ್ರದಿಂದ ಒಂದೊಂದು ಗರಿಯಲ್ಲಿ ಅಕ್ಷರವೊಂದೋ ಎರಡೋ ಲೋಪಿಸುತ್ತವೆ. ಸಂದರ್ಭದಿಂದಲೂ ಛಂದಸ್ಸಿನಿಂದಲೂ ಅವನ್ನು ತುಂಬಲು ಸಾಧ್ಯ. ಗೆದ್ದಲಿನ ಹಾನಿಯಲ್ಲಿ ಅಕ್ಕಪಕ್ಕದ ಗರಿಗಳ ಒಂದೇ ಅಂಚು ಸಾಲುಸಾಲಾಗಿ ಹೋಗಿರುತ್ತದೆ. ಹಾನಿ ಒಂದು ಬದಿಯಲ್ಲಿ ಹೆಚ್ಚಾಗಿದ್ದು ಇನ್ನೊಂದು ಬದಿಗೆ ಇಳಿಯುತ್ತಾ ಬಂದರೆ ಕಟ್ಟು ಯಾವ ಮಗ್ಗುಲಾಗಿ ನೆಲವನ್ನೋ ಗೋಡೆಯನ್ನೋ ತಾಗಿ ಮಲಗಿತ್ತೆಂದು ಹೇಳಬಹುದು. ಗರಿಗಳ ಅಂಕೆ ಅಳಿಸಿದ್ದಾಗ ಈ ಇಳಿತದ ಆಕಾರವೇ ಅವುಗಳ ಕ್ರಮವನ್ನು ನಿರ್ಣಯಿಸಲು ನೆರವಾಗುತ್ತದೆ. ಇನ್ನು, ಅಖಂಡವಾದ ಓಲೆಯ ಪ್ರತಿಯೊಂದರಲ್ಲಿ ನಿಯತ ಅಂತರದಲ್ಲಿ ತೆರಪುಗಳು ಕಂಡುಬಂದರೆ, ಅದರ ಮಾತೃಕೆಯ ಗರಿಯಂಚು ಹೋಗಿತ್ತು, ಲಿಪಿಕಾರನು ಪ್ರಾಮಾಣಿಕನಾಗಿ ಸ್ಥಳ ಬಿಟ್ಟು ಬರೆದ ಎಂದು ಊಹಿಸಲು ಎಡೆಯಿದೆ. ಆ ತೆರಪುಗಳ ಅಂತರವನ್ನು ಅಳೆದರೆ ಕಣ್ಮರೆಯಾದ ಮಾತೃಕೆಯ ಗರಿಯೊಂದರಲ್ಲಿ ಎಷ್ಟು ಅಕ್ಷರಗಳಿದ್ದುವೆಂಬುದೂ ದೊರೆಯುತ್ತದೆ. ಆದುದರಿಂದ ಮಣ್ಣು ಮೆತ್ತಿದ ಕಟ್ಟನ್ನು ಕಂಡೊಡನೆ ಒರಸಲು ಕೈಹಾಕಬಾರದು. ಮೊದಲು ಛಾಯಾಚಿತ್ರ, ಬಳಿಕ ಒಣಗಿದ ಮೆದು ಕುಂಚ.

ಈಗ ಮನೆಯ ವಿಚಾರ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದುವು. ಇಲ್ಲಿಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು: ದಪ್ಪ ಮಣ್ಣುಗೋಡೆ, ಮರದ ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಹೊದಿಕೆ. ಓಲೆಕಟ್ಟಾಗಲಿ ಕಡತವಾಗಲಿ ಇದ್ದರೆ ಅದು ದೇವರ ಕೋಣೆಯ ಮಾಡದಲ್ಲಿ, ಇಲ್ಲವೆ ಅಟ್ಟದ ಪೆಟ್ಟಿಗೆಯಲ್ಲಿ. ಭಕ್ತಿಯ ದೃಷ್ಟಿಯಿಂದ ಮಾಡ ಉತ್ತಮ ಸ್ಥಾನ. ರಕ್ಷಣೆಯ ದೃಷ್ಟಿಯಿಂದ ಅದಕ್ಕಿಂತ ಕೆಟ್ಟ ಜಾಗ ಬೇರೊಂದಿಲ್ಲ. ಮೂರು ಕಡೆ ಮಣ್ಣು, ಒಳಗೆ ಕತ್ತಲೆ, ಗಾಳಿಯಿಲ್ಲ. ಗೋಡೆಯೊಳಗಿಂದ ಬಂದ ಗೆದ್ದಲು ಹೊರಗೆ ಕೊಳವೆ ಕಟ್ಟುವ ಶ್ರಮವಿಲ್ಲದೆಯೇ ನೇರವಾಗಿ ಕಟ್ಟಿನ ಹಿಂಬದಿಯನ್ನು ಸೇರುತ್ತದೆ. ಮುಂದಿನ ಅಂಚು ಮಾತ್ರ ಅಚ್ಚುಕಟ್ಟಾಗಿ ಕಾಣುತ್ತಿರುತ್ತದೆ. ಒಲೆಯ ಮೇಲಣ ಅಟ್ಟ ಎಷ್ಟೋ ವಾಸಿ. ಹೊಗೆ, ಶಾಖ ಎರಡೂ ಅಲ್ಲಿಗೆ ಏರುತ್ತಿದ್ದುವು. ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಆ ರಕ್ಷೆ ತಪ್ಪಿತು. ಕಡತಕ್ಕಂತೂ ಅಪಾಯ ಇಮ್ಮಡಿ, ಏಕೆಂದರೆ ಅದು ಹುಣಸೆಬೀಜದ ಸರಿ ಬಳಿದ ಬಟ್ಟೆ.

ಗಂಗಾವತಿಯ ಕಡೆಗೆ ಇನ್ನೊಂದು ಮಾತನ್ನು ಸೇರಿಸಬೇಕು. ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ ಎಡದಂಡೆ ಕಾಲುವೆ ಹರಿದ ಮೇಲೆ ಅಲ್ಲಿ ಭತ್ತದ ಗದ್ದೆಗಳಾದುವು. ಬೇಸಗೆಯಲ್ಲಿಯೂ ನೆಲದಡಿ ತೇವವಿರುವ ಊರುಗಳಾದುವು. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ನೆಲದಲ್ಲಿ ಗೆದ್ದಲು ತೇವವನ್ನರಸಿ ಬರುವುದು ಬಚ್ಚಲಿನ ಗೋಡೆಗೆ, ನೀರಿನ ಹಂಡೆಯ ಬುಡಕ್ಕೆ, ಹುಡುಕಬೇಕಾದದ್ದು ಅಲ್ಲಿ. ಕಾಲುವೆಯ ಸೀಮೆಯಲ್ಲಿ ಎಲ್ಲ ಗೋಡೆಗಳನ್ನೂ ಶಂಕಿಸಬೇಕು.

ಪತ್ತೆಯ ವಿಧಾನ ಸುಲಭ. ಗೋಡೆಯ ಬುಡದಲ್ಲಿ, ಬಾಗಿಲ ಚೌಕಟ್ಟಿನ ಮೂಲೆಯಲ್ಲಿ, ಕಂಬದ ಹಿಂಬದಿಯಲ್ಲಿ ಬೆರಳಗಲದ ಮಣ್ಣಿನ ಗೆರೆ ಏರಿದೆಯೇ ನೋಡಬೇಕು. ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ದನಿ ಬಂದೀತು. ಮುಂಗಾರಿನ ಮೊದಲ ಮಳೆಯಾದ ಸಂಜೆ ರೆಕ್ಕೆಯ ಹುಳುಗಳು ದೀಪಕ್ಕೆ ಮುತ್ತುತ್ತವೆ. ಅವು ಹೊರಗಿನಿಂದ ಬಂದವಾದರೆ ಚಿಂತೆಯಿಲ್ಲ, ಮನೆಯ ಗೋಡೆಯ ಬಿರುಕಿನಿಂದಲೇ ಎದ್ದರೆ ಗೂಡು ಅಡಿಯಲ್ಲಿಯೇ ಇದೆ. ಕೊಳವೆಯ ಒಂದು ತುಂಡನ್ನು ಮಾತ್ರ ಮುರಿದು ಎರಡು ದಿನ ಬಿಟ್ಟು ನೋಡಬೇಕು; ಮತ್ತೆ ಕಟ್ಟಿದ್ದರೆ ಅಲ್ಲಿ ಸಂಚಾರವಿದೆ. ಕಟ್ಟದಿದ್ದರೂ ನಿಶ್ಚಿಂತೆ ಸಲ್ಲದು, ದಾರಿ ಬದಲಾಯಿಸಿರಬಹುದು.

ಸಾಧುಗಳಿಗೆ ವಿಧಿಸಿದ ಆದಾನನಿಕ್ಷೇಪಣ ಸಮಿತಿಯಲ್ಲಿ ಪುಸ್ತಕವನ್ನು ಎತ್ತುವ ಮೊದಲೂ ಇಡುವ ಮೊದಲೂ ನೋಡಿ, ಪಿಂಛದಿಂದ ಪ್ರತಿಲೇಖನ ಮಾಡಬೇಕೆಂಬ ನಿಯಮವಿದೆ. ಮೂಲಾಚಾರವನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೀವರಕ್ಷಣೆಗಾಗಿ ಹೇಳಿದ ಈ ವಿಧಿಯೇ ಗ್ರಂಥರಕ್ಷಣೆಯ ಉತ್ತಮ ವಿಧಿಯೂ ಆಗಿದೆ. ಶ್ರಾವಕರಿಗೆ ಇದರ ವಾರ್ಷಿಕ ರೂಪವೇ ಜ್ಯೇಷ್ಠ ಶುಕ್ಲದ ಶ್ರುತಪಂಚಮಿ. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮ ಪೂರ್ಣಗೊಂಡುದರ ಸ್ಮರಣೆಯಾದ ಆ ದಿನ ಕಟ್ಟುಗಳನ್ನು ಹೊರತೆಗೆದು, ಧೂಳು ತೆಗೆದು, ಹೊಸ ವಸ್ತ್ರ ಸುತ್ತುವ ರೂಢಿಯಿದೆ. ಈ ತಿಥಿ ಬೀಳುವುದು ಮುಂಗಾರು ಕಾಲಿಡುವ ಹೊತ್ತಿಗೆ, ಗೆದ್ದಲು ನೆಲದಿಂದ ಏಳುವ ಹೊತ್ತಿಗೆ. ಇದನ್ನು ಯಾರೋ ಲೆಕ್ಕಹಾಕಿ ಇಟ್ಟರೆಂದು ನಾವು ವಾದಿಸುವುದಿಲ್ಲ. ಆದರೆ ಪೆಟ್ಟಿಗೆಯನ್ನು ತೆರೆಯದೆ ಹೊರಗಿನಿಂದಲೇ ಅರಿಸಿನ ಕುಂಕುಮವಿಟ್ಟು ಆರತಿ ಎತ್ತಿ ಮುಗಿಸಿದರೆ ಆ ವರ್ಷದ ಪರೀಕ್ಷೆ ತಪ್ಪಿಹೋಯಿತೆಂದೇ ಅರ್ಥ.

ಇನ್ನು ನಿವಾರಣೆ. ವಿಷ ಸುರಿದು ಗೂಡನ್ನು ನಾಶಮಾಡುವುದು ಸಂಕಲ್ಪೀ ಹಿಂಸೆಯೋ, ಮನೆ ಕಾಯುವುದರಲ್ಲಿ ಅನಿವಾರ್ಯವಾದ ಆರಂಭೀ ಹಿಂಸೆಯೋ ಎಂಬ ಚರ್ಚೆ ಪಂಡಿತರಿಗೆ ಸೇರಿದ್ದು. ನಮ್ಮ ಅಭಿಪ್ರಾಯದಲ್ಲಿ, ದೂರವಿರಿಸಲು ಬರುವಾಗ ಕೊಲ್ಲುವುದಕ್ಕೆ ಅನಿವಾರ್ಯತೆಯ ಹೆಸರು ಸಲ್ಲದು. ಕಟ್ಟುಗಳನ್ನು ಮಾಡದಿಂದ ತೆಗೆದು ಉಕ್ಕಿನ ಕಪಾಟಿನಲ್ಲಿಡಬೇಕು. ಕಪಾಟು ಗೋಡೆಯಿಂದ ಗೇಣು ದೂರ, ಕಲ್ಲಿನ ಕಾಲುಗಳ ಮೇಲೆ ನಿಲ್ಲಬೇಕು. ಆಗ ಗೆದ್ದಲು ಬರಬೇಕಾದರೆ ಬಯಲಲ್ಲಿ ಕೊಳವೆ ಕಟ್ಟಲೇಬೇಕು, ಕಟ್ಟಿದರೆ ಕಣ್ಣಿಗೆ ಬೀಳಲೇಬೇಕು. ಸೋರುವ ಬಚ್ಚಲು ದುರಸ್ತಿಯಾಗಬೇಕು, ಗೋಡೆಗೆ ಒರಗಿಸಿದ ಸೌದೆ ದೂರ ಹೋಗಬೇಕು. ಬಜೆ, ಬೇವಿನ ಎಲೆ, ಕರ್ಪೂರಗಳನ್ನು ಇಡುವ ವಾಡಿಕೆ ಒಳ್ಳೆಯದೇ. ಅವು ಸಣ್ಣ ಹುಳುಗಳನ್ನು ಸ್ವಲ್ಪಕಾಲ ದೂರವಿಟ್ಟಾವು, ನೆಲದಿಂದ ಬರುವ ಗೆದ್ದಲನ್ನು ತಡೆಯಲಾರವು. ಮಜ್ಜಿಗೆಹುಲ್ಲಿನ ಎಣ್ಣೆ ಕಂಠದಿಂದ ಕೊರೆದ ಓಲೆಗೆ ಬಾಗುವ ಗುಣ ಕೊಡುತ್ತದೆ. ಮಸಿಯಿಂದ ಬರೆದ ಶ್ರೀತಾಳದ ಗರಿಗೆ ಅದನ್ನು ಸವರಬಾರದು. ಬಿಸಿಲಿಗೆ ಹರಡುವುದೂ ಬೇಡ, ನೆರಳಿನ ಗಾಳಿ ಸಾಕು.

ಮನೆಗೇ ಔಷಧಿ ಹಾಕಿಸಬೇಕಾಗಿ ಬಂದರೆ ಭಾರತೀಯ ಮಾನಕ 6313ರ ವಿಧಾನವನ್ನು ಅನುಸರಿಸಲು ಕೆಲಸದವರಿಗೆ ಹೇಳಬೇಕು. ಹಿಂದೆ ಧಾರಾಳವಾಗಿ ಬಳಸುತ್ತಿದ್ದ ಆಲ್ಡ್ರಿನ್, ಕ್ಲೋರ್ಡೇನ್‌ಗಳು 1990ರ ದಶಕದಲ್ಲಿ ನಿಷಿದ್ಧವಾದುವು. ಹಳೆಯ ಡಬ್ಬಿ ಮನೆಯಲ್ಲಿ ಉಳಿದಿದ್ದರೆ ಮುಟ್ಟಬಾರದು. ಔಷಧಿ ನೆಲಕ್ಕೂ ಗೋಡೆಯ ಬುಡಕ್ಕೂ ಸೇರಿದ್ದು, ಓಲೆಗಲ್ಲ. ಆ ಕೆಲಸ ನಡೆದು ಕೋಣೆ ಪೂರ್ಣ ಒಣಗುವವರೆಗೆ ಕಟ್ಟುಗಳು ಬೇರೆ ಮನೆಯಲ್ಲಿರಲಿ, ಹೋಗುವ ಮುನ್ನ ಪ್ರತಿಯೊಂದು ಕಟ್ಟಿನ ಗರಿಗಳನ್ನು ಎಣಿಸಿ ಬರೆದಿಟ್ಟುಕೊಳ್ಳಲಿ. ಎಣಿಸುವಾಗಲೇ ಆದ್ಯಂತಗಳ ನಾಲ್ಕು ಗರಿಗಳ ಚಿತ್ರ ತೆಗೆದರೆ ಪ್ರಶಸ್ತಿಯೂ ಗ್ರಂಥನಾಮವೂ ದಾಖಲಾಗುತ್ತವೆ. ಕೊಪಣ ಸೀಮೆಯ ಯಾವ ಮನೆಯಲ್ಲಿ ಏನಿದೆ ಎಂಬ ಸೂಚಿಗೆ ಸದ್ಯಕ್ಕೆ ಅಷ್ಟಾದರೂ ಬೇಕು.